ಯಾವ ಆಲ್ಕೋಹಾಲ್ ಸಾರ್?

ಹೋದ ತಿಂಗಳು ಒಂದು ಭಾನುವಾರ ನಮ್ಮೂರ ಲೈಬ್ರರಿಯ ಮಹಡಿ ಮೇಲೆ ಮಾತಾಡಿದ್ದು ಇದು. ಒಂದು ನಲವತ್ತು ಜನ ಬಂದಿದ್ರು, ಅರ್ಧ ಜನ ನನ್ನ ಹಳೇ ಸ್ಟೂಡೆಂಟ್ಸು, ಉಳಿದೋರು ಮಳೆ ಬಂತು ಅಂತ ಒಳಗೆ ಬಂದೋರು. ಒಬ್ಬ ಹುಡುಗ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದ, ಅದನ್ನ ಕೇಳ್ಕೊಂಡು ಟೈಪ್ ಮಾಡಿದೀನಿ, ಅಲ್ಲಲ್ಲಿ ನಾನು ತೊದಲಿದ್ದನ್ನ ಕಿತ್ತು ಹಾಕಿದೀನಿ, ಜೋಕುಗಳನ್ನ ಮಾತ್ರ ಹಂಗೇ ಬಿಟ್ಟಿದೀನಿ, ಯಾರೂ ನಗದೇ ಇದ್ದವನ್ನೂ ಸೇರಿಸಿ.

ಎಲ್ರಿಗೂ ನಮಸ್ಕಾರ. ಮಾತು ಆಮೇಲೆ, ಮೊದ್ಲು ಈ ಮುಂದಿನ ಸಾಲಿನೋರು ಮೂರು ಜನ ಕೈ ಚಾಚಿ. ಹೆದರ್ಕೋಬೇಡಿ, ಸುಡೋ ಅಂಥದ್ದೇನೂ ಇಲ್ಲ. ನಿಮಗೆ ಈ ಬಾಟ್ಲಿಂದ ಒಂದು ಹನಿ, ಅಮ್ಮ ನಿಮಗೆ ಈ ಎರಡನೇದ್ರಿಂದ, ನಿಂಗೆ ಮೂರನೇದು ಮಗಾ. ಹೇಳಿ ಏನಾಯ್ತು. ತಣ್ಣಗಾಯ್ತಾ, ಮಾಯ ಆಯ್ತಾ, ಇಂಜೆಕ್ಷನ್ ಕೊಡೋ ಮುಂಚೆ ಬರೋ ವಾಸನೆ ಬಂತಾ. ಅಮ್ಮ ನಿಮ್ದೂ ಹಂಗೇ, ಸ್ವಲ್ಪ ಘಾಟು ಜಾಸ್ತಿ ಅಷ್ಟೆ. ನಿಂದು? ಅಂಟಂಟು ಅಂತೀಯ, ಆರೋದೇ ಇಲ್ಲ ಅಂತೀಯ. ಸರಿ. ಇನ್ನು ಈ ಡಬ್ಬೀಲಿ ಬಿಳೀ ಚಕ್ಕೆ ಇದೆ ನೋಡಿ, ಮೇಣದ ಥರ, ಮೂಸಿದ್ರೆ ವಾಸನೆ ಇಲ್ಲ, ಬೆರಳಲ್ಲಿ ಉಜ್ಜಿದ್ರೆ ಜಾರತ್ತೆ. ಮೊದಲನೇದು ಎಥನಾಲು, ಎರಡನೇದು ಐಸೋಪ್ರೊಪೈಲ್ ಆಲ್ಕೋಹಾಲು, ಮೂರನೇದು ನಿಮ್ಮನೇಲೂ ಇರೋ ಗ್ಲಿಸರಿನ್ನು, ಈ ಚಕ್ಕೆ ಸೀಟೈಲ್ ಆಲ್ಕೋಹಾಲು. ಕೆಮಿಸ್ಟ್ರಿಯೋನನ್ನ ಕೇಳಿದ್ರೆ ನಾಲ್ಕೂ ಆಲ್ಕೋಹಾಲೇ. ಬಾರ್ ಮುಂದೆ ನಿಂತಿರೋನನ್ನ ಕೇಳಿದ್ರೆ ಒಂದೇ ಆಲ್ಕೋಹಾಲು. ಇವತ್ತು ಈ ಇಬ್ಬರ ನಡುವೆ ಸಿಕ್ಕಿಹಾಕ್ಕೊಂಡಿರೋ ಪದದ ಕಥೆ ಹೇಳ್ತೀನಿ.

ನಮ್ಮ ಸಂತೇಲಿ ನಿಂತ್ಕೊಂಡು 'ಗೌಡ್ರೇ' ಅಂತ ಒಂದ್ಸಲ ಕೂಗಿ ನೋಡಿ. ಅರ್ಧ ಸಂತೆ ತಿರುಗಿ ನೋಡತ್ತೆ. ಅದು ಮನೆತನದ ಹೆಸರು, ಯಾವ ಗೌಡ್ರು ಅಂತ ಹೇಳಿದ್ರೇನೇ ಕೆಲಸ ಆಗೋದು. ಕೆಮಿಸ್ಟ್ರೀಲಿ ಆಲ್ಕೋಹಾಲ್ ಅನ್ನೋದು ಹಂಗೇ. ಕಾರ್ಬನ್ ಸರಪಳಿಯ ಒಂದು ಕಾರ್ಬನ್ನಿಗೆ ಆಕ್ಸಿಜನ್ನು ಹೈಡ್ರೋಜನ್ನು ಜೋಡಿಯಾಗಿ ಅಂಟ್ಕೊಂಡಿದ್ರೆ, ಅಂದ್ರೆ ನಾವು ಓಎಚ್ ಅಂತೀವಲ್ಲ ಅದು, ಆ ಮನೆತನಕ್ಕೆ ಸೇರತ್ತೆ. ಕಾರ್ಬನ್ ಒಂದೇ ಇದ್ರೆ ಮೆಥನಾಲ್, ಎರಡಿದ್ರೆ ಎಥನಾಲ್, ಮೂರಿದ್ರೆ ಪ್ರೊಪನಾಲ್, ನಾಲ್ಕಿದ್ರೆ ಬ್ಯೂಟನಾಲ್, ಈ ಬಿಳೀ ಚಕ್ಕೇಲಿ ಹದಿನಾರು. ಆ ಕೊನೇಲಿ ಬರೋ 'ಆಲ್' ಇದೆಯಲ್ಲ, 1892ರಲ್ಲಿ ಜಿನೀವಾದಲ್ಲಿ ರಸಾಯನಶಾಸ್ತ್ರದೋರೆಲ್ಲ ಸೇರಿ ಹೆಸರಿಡೋ ಕಾನೂನು ಮಾಡಿದಾಗ ಆಲ್ಕೋಹಾಲ್ ಮನೆತನಕ್ಕೆ ಅಂತ ಕೊಟ್ಟ ಬಾಲ ಅದು. ಹಂಗಾಗೇ ಗ್ಲಿಸರಿನ್ ಪುಸ್ತಕದಲ್ಲಿ ಗ್ಲಿಸರಾಲ್ ಆಗೋಯ್ತು, ಕೊಲೆಸ್ಟರಿನ್ ಅಂತಿದ್ದಿದ್ದು ಕೊಲೆಸ್ಟರಾಲ್ ಆಯ್ತು. ಹೌದು ನಿಮ್ಮ ಬ್ಲಡ್ ರಿಪೋರ್ಟಲ್ಲಿ ಬರೋ ಕೊಲೆಸ್ಟರಾಲೂ ಕೆಮಿಸ್ಟ್ರಿ ಪ್ರಕಾರ ಒಂದು ಆಲ್ಕೋಹಾಲೇ, ಜೀವನದಲ್ಲಿ ಒಂದು ತೊಟ್ಟೂ ಮುಟ್ಟದೇ ಇರೋ ಸಜ್ಜನರ ರಕ್ತದಲ್ಲೂ ಓಡಾಡ್ತಿರತ್ತೆ. ಆದ್ರೆ ಪೆಟ್ರೋಲ್ ಅನ್ನೋದ್ರ ಬಾಲ ನೋಡಿ ಮೋಸ ಹೋಗ್ಬೇಡಿ, ಅದು ಅಂಗಡಿ ಹೆಸರು, ಅದ್ರಲ್ಲಿ ಓಎಚ್ ಇಲ್ಲ. ಈಗ ಇದೆ, ಅದು ಬೇರೆ ಕಥೆ, ಬರ್ತೀನಿ. ಇನ್ನು ನೆಲ ಒರೆಸೋ ಫಿನಾಯಿಲ್ಲು, ಪುಸ್ತಕದ ಫೀನೈಲು, ಫೀನಾಲು, ಇವು ಮೂರೂ ಬೇರೆ ಬೇರೆ, ಇದನ್ನ ಪಿಯುಸಿ ಹುಡುಗ್ರಿಗೆ ಹೇಳಿ ಹೇಳಿ ನನ್ನ ಗಂಟಲು ಹೋಗಿದೆ, ಇವತ್ತು ಹೇಳಲ್ಲ.

ಪದ ಎಲ್ಲಿಂದ ಬಂತು ಅಂದ್ರೆ ನೀವು ನಂಬಲ್ಲ, ಕಣ್ಣಿಂದ ಬಂತು. ಅರಬ್ಬಿ ಭಾಷೇಲಿ ಅಲ್-ಕುಹ್ಲ್ ಅಂದ್ರೆ ಕಣ್ಣಿಗೆ ಹಚ್ಚೋ ಕಪ್ಪು ಪುಡಿ, ಆಂಟಿಮನಿ ಅನ್ನೋ ಲೋಹದ ಅದಿರನ್ನ ನುಣ್ಣಗೆ ಅರೆದು ಮಾಡ್ತಿದ್ದದ್ದು. ನಮ್ಮ ಕಡೆ ಸುರುಮ ಅಂತೀವಲ್ಲ ಅದೇ. ರಂಜಾನ್ ಟೈಮಲ್ಲಿ ಶಿವಾಜಿನಗರದ ಕಡೆ ಹೋದ್ರೆ ಸಣ್ಣ ಸೀಸೇಲಿ ಇಟ್ಕೊಂಡು ಮಾರ್ತಿರ್ತಾರೆ. ಯುರೋಪಿನೋರು ಅರಬ್ಬಿ ಪುಸ್ತಕ ಓದ್ಕೊಂಡು ಕಲಿತಾಗ ಈ ಪದಾನೂ ಎತ್ಕೊಂಡ್ರು, ಮೊದ್ಲು ಯಾವುದೇ ನುಣ್ಣನೆ ಪುಡಿಗೆ ಆ ಹೆಸರು, ಆಮೇಲೆ ಪುಡಿ ಮಾಡೋದಿರಲಿ ಕಾಯಿಸಿ ಇಳಿಸಿರಲಿ ಒಂದು ವಸ್ತುವಿನ ಸಾರ ಅನ್ನೋದಕ್ಕೆಲ್ಲ ಅದೇ ಹೆಸರು. 16ನೇ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಅನ್ನೋ ವೈದ್ಯ ವೈನನ್ನ ಭಟ್ಟಿ ಇಳಿಸಿ ಬಂದಿದ್ದಕ್ಕೆ ವೈನಿನ ಆಲ್ಕೋಹಾಲ್ ಅಂದ. ಬರ್ತಾ ಬರ್ತಾ ವೈನ್ ಬಿದ್ದೋಯ್ತು, ಆಲ್ಕೋಹಾಲ್ ಉಳೀತು. ಮಜಾ ಏನು ಅಂದ್ರೆ ನಮ್ಮ ಟೆಕ್ಸ್ಟ್ ಬುಕ್ಕಲ್ಲಿ ಮದ್ಯಸಾರ ಅಂತ ಇತ್ತಲ್ಲ, ಹಳೇಕಾಲದೋರಿಗೆ ನೆನಪಿರತ್ತೆ, ಆ ಮಾತು ಪ್ಯಾರಾಸೆಲ್ಸಸ್ ಹೇಳಿದ್ದಕ್ಕೆ ಪಕ್ಕಾ ಹೊಂದತ್ತೆ, ಮದ್ಯದ ಸಾರ. ಆದ್ರೆ ಮೆಥನಾಲಿಗೂ ಮದ್ಯಸಾರ ಅಂದುಬಿಟ್ರೆ ಅಲ್ಲಿಗೆ ಮುಗೀತು ಕಥೆ.

1834ರಲ್ಲಿ ಫ್ರಾನ್ಸಲ್ಲಿ ದ್ಯುಮಾ ಮತ್ತೆ ಪೆಲಿಗೋ ಅಂತ ಇಬ್ರು, ಕಟ್ಟಿಗೇನ ಗಾಳಿ ಇಲ್ಲದಂಗೆ ಕಾಯಿಸಿದ್ರೆ ಬರೋ ನೀರಿನಂಥ ದ್ರವ ಇತ್ತಲ್ಲ, ಮರದ ಸ್ಪಿರಿಟ್ಟು, ಅದನ್ನ ಶುದ್ಧ ಮಾಡಿ ನೋಡಿ ಅರೆ ಇದು ವೈನಿನ ಸ್ಪಿರಿಟ್ಟಿನ ತಮ್ಮ ಕಣ್ರೀ ಅಂದ್ರು, ಒಂದೇ ಥರ ರಿಯಾಕ್ಷನ್ನು, ಒಂದೇ ಥರ ಜಾಯಮಾನ. ಅಲ್ಲಿಗೆ ಒಬ್ಬನ ಹೆಸರು ಮನೆತನದ ಹೆಸರಾಗೋಯ್ತು. ಆ ಮರದ ಸ್ಪಿರಿಟ್ಟಿಗೆ, ಅಂದ್ರೆ ನಮ್ಮ ಮೆಥನಾಲಿಗೆ, ಗ್ರೀಕ್ ಭಾಷೆಯ ಮೆಥು, ಹೂಲೆ ಅಂತ ಎರಡು ಪದ ಸೇರಿಸಿ ಹೆಸರು ಕಟ್ಟಿದ್ರು, ಮೆಥು ಅಂದ್ರೆ ವೈನು, ಹೂಲೆ ಅಂದ್ರೆ ಮರ. ಈ ಮೆಥುಗೂ ನಮ್ಮ ಮಧುಗೂ ಮೂಲ ಒಂದೇ, ಒಂದೇ ಬೇರಿಂದ ಅತ್ಲಾಗೊಂದು ಇತ್ಲಾಗೊಂದು ಕವಲು. ಮಧು ಅಂತ ಹೆಸರಿಟ್ಕೊಂಡಿರೋದು ಮನುಷ್ಯನ ಕಣ್ಣು ಕೀಳೋ ವಿಷ. ಕಣ್ಣಿಗೆ ಹಚ್ಚೋ ಪುಡಿಯ ಹೆಸರು ಹೊತ್ಕೊಂಡು ಬಂದು ಕಣ್ಣೇ ತೆಗ್ಯತ್ತೆ. ಇದಾದ್ಮೇಲೆ ಅದೇ ಇಬ್ರು ತಿಮಿಂಗಿಲದ ತಲೇಲಿ ಸಿಗೋ ಮೇಣದಿಂದ ಶೆವ್ರೂಲ್ ಅನ್ನೋನು 1817ರಲ್ಲೇ ತೆಗ್ದಿದ್ದ ಈ ಬಿಳೀ ಚಕ್ಕೇನೂ ಅದೇ ಮನೆತನಕ್ಕೆ ಸೇರಿಸಿದ್ರು.

ಈಗ ಸರಪಳಿ ವಿಷಯ. ಓಎಚ್ ಇದೆಯಲ್ಲ ಅದಕ್ಕೆ ನೀರಂದ್ರೆ ಪ್ರಾಣ, ಯಾಕಂದ್ರೆ ನೀರಲ್ಲೂ ಅದೇ ಇರೋದು. ಕಾರ್ಬನ್ ಸರಪಳಿಗೆ ಎಣ್ಣೆ ಜಿಡ್ಡು ಅಂದ್ರೆ ಪ್ರಾಣ. ಪ್ರತಿ ಆಲ್ಕೋಹಾಲಿನ ಅಣೂನೂ ಹೊಸದಾಗಿ ಮದ್ವೆಯಾದ ಹೆಣ್ಣುಮಗಳು ಅಂದ್ಕೊಳಿ, ಈ ಕಡೆ ಅತ್ತೆಮನೆ ಆ ಕಡೆ ತವರು. ಸರಪಳಿ ಚಿಕ್ಕದಿದ್ರೆ ತವರಿನ ಎಳೆತ ಕಮ್ಮಿ, ಅತ್ತೆಮನೇಲಿ ಹೊಂದ್ಕೊಂಡು ಹೋಗ್ತಾಳೆ, ಮೆಥನಾಲ್ ಎಥನಾಲ್ ಪ್ರೊಪನಾಲ್ ಮೂರೂ ನೀರಲ್ಲಿ ಎಷ್ಟು ಹಾಕಿದ್ರೂ ಬೆರೀತವೆ. ನಾಲ್ಕನೇದು ಬ್ಯೂಟನಾಲ್, ಇಲ್ಲಿ ಜಗಳ ಶುರು, ನೂರು ಎಂಎಲ್ ನೀರಿಗೆ ಏಳೆಂಟು ಗ್ರಾಮ್ ಕರಗತ್ತೆ, ಮಿಕ್ಕಿದ್ದು ಮೇಲೆ ತೇಲತ್ತೆ. ಆರು ಎಂಟು ಕಾರ್ಬನ್ನಿಗೆ ಬಂದ್ರೆ ತವರೇ ಗತಿ. ಹದಿನಾರಕ್ಕೆ ಬರೋ ಹೊತ್ತಿಗೆ ಮೇಣ, ಸುಮಾರು 49 ಡಿಗ್ರೀಲಿ ಕರಗೋ ಗಟ್ಟಿ ವಸ್ತು. ನಮ್ಮ ಹುಡುಗ್ರು ಕುಡಿಯೋದಕ್ಕೆ ಎಣ್ಣೆ ಹೊಡಿಯೋದು ಅಂತಾರಲ್ಲ, ಯಾರು ಶುರು ಮಾಡಿದ್ರೋ ಗೊತ್ತಿಲ್ಲ, ಕೆಮಿಸ್ಟ್ರಿ ಪ್ರಕಾರ ತಪ್ಪು, ಅವ್ರು ಹೊಡೀತಿರೋದು ನೀರಿನ ಕಡೆಯ ಗಿರಾಕಿ. ಎಣ್ಣೆ ಅಂತ ಕರೀಬೇಕಾಗಿರೋದು ಈ ಚಕ್ಕೇನ. ಇದನ್ನ ಹೊಡಿಯಕ್ಕಾಗಲ್ಲ, ಮುಖಕ್ಕೆ ಹಚ್ಕೋಬಹುದು ಅಷ್ಟೆ. ಯಾವುದೋ ಕ್ರೀಮಿನ ಡಬ್ಬಿ ಮೇಲೆ ದೊಡ್ಡಕ್ಷರದಲ್ಲಿ ಆಲ್ಕೋಹಾಲ್ ಫ್ರೀ ಅಂತ ಇರತ್ತೆ, ತಿರುಗ್ಸಿ ನೋಡಿದ್ರೆ ಸಣ್ಣಕ್ಷರದಲ್ಲಿ ಸೀಟೈಲ್ ಆಲ್ಕೋಹಾಲ್. ಮೋಸ ಅಲ್ಲ ಅದು, ಮುಂದಿರೋದು ಬಾರಿನ ಭಾಷೆ ಹಿಂದಿರೋದು ಲ್ಯಾಬಿನ ಭಾಷೆ.

ಇದೆಲ್ಲಾ ಬೋರ್ಡ್ ಮೇಲೆ ಬರೆದು ವರ್ಷಗಟ್ಟಲೆ ಪಾಠ ಮಾಡಿದೋನು ನಾನು, ಆದ್ರೂ ಒಂದಿನ ನಾನೇ ಎಡವಿದೆ, ಅದನ್ನ ಹೇಳ್ಬೇಕು ಅಂತಾನೇ ಇವತ್ತು ಒಪ್ಕೊಂಡಿದ್ದು. ಯಾವ ಕಾಲೇಜು ಅಂತ ಹೇಳಲ್ಲ, 90ರ ದಶಕ, ಬೇಸಿಗೆ ರಜ. ಲ್ಯಾಬಿನ ಹಳೇ ತೇಗದ ಮೇಜುಗಳಿಗೆ ಪಾಲಿಶ್ ಮಾಡ್ಸೋಣ ಅಂತಾಯ್ತು. ಬಡಗಿ ಬಂದ, ಜೊತೆಗೊಬ್ಬ ಹುಡುಗ. ಅರಗಿನ ಚಕ್ಕೇನ ಸ್ಪಿರಿಟ್ಟಲ್ಲಿ ನೆನೆಹಾಕಿ ಬಟ್ಟೆ ಉಂಡೇಲಿ ತಿಕ್ಕೋದು, ನೋಡಿರ್ತೀರ. ಸ್ಪಿರಿಟ್ ಸಾಲ್ದು ಸಾರ್ ಅಂದ. ನಮ್ಮ ಅಟೆಂಡರು ಸ್ಟೋರ್ ರೂಮಿಂದ ಎರಡೂವರೆ ಲೀಟ್ರಿನ ಒಂದು ಕಂದು ಬಾಟ್ಲು ತಬ್ಕೊಂಡು ಬಂದ, ಧೂಳು ಹಿಡಿದಿತ್ತು, ಲೇಬಲ್ಲನ್ನ ಜಿರಳೆ ತಿಂದಿತ್ತು, ಆಲ್ಕೋಹಾಲ್ ಅನ್ನೋದೊಂದು ಉಳಿದಿತ್ತು, ಅದರ ಹಿಂದಿನ ಪದ ಜಿರಳೆ ಹೊಟ್ಟೇಲಿ.

'ಯಾವ ಆಲ್ಕೋಹಾಲ್ ಸಾರ್ ಇದು?' ಅಂದ.

ನಾನು ಪೇಪರ್ ವ್ಯಾಲ್ಯುಯೇಶನ್ನಲ್ಲಿ ಮುಳುಗಿದ್ದೆ. ತಲೆ ಎತ್ತದೇನೇ, 'ಬರೀ ಆಲ್ಕೋಹಾಲ್ ಅಂದ್ರೆ ಎಥನಾಲ್ ಕಣಪ್ಪಾ, ಇಷ್ಟು ವರ್ಷ ಲ್ಯಾಬಲ್ಲಿದ್ದು ಅಷ್ಟೂ ಗೊತ್ತಿಲ್ವಾ' ಅಂದೆ. ಸ್ಟಾಕ್ ರಿಜಿಸ್ಟರ್ ತೆಗ್ದು ತೋರಿಸ್ದ, ಅಲ್ಲೂ ಯಾವನೋ ಪುಣ್ಯಾತ್ಮ ಆಲ್ಕೋಹಾಲ್ 2.5 ಲೀ ಅಂತ ಬರ್ದು ಕೈ ತೊಳ್ಕೊಂಡಿದ್ದ. ಕೊಡು ಕೊಡು ಅಂದೆ.

ಊಟಕ್ಕೆ ಕೂತಾಗ ಏನೋ ಕೊರೀತಾ ಇತ್ತು. ಸ್ಟೋರ್ ರೂಮಲ್ಲಿ ಎಥನಾಲ್ ಇಟ್ರೆ ಲೆಕ್ಕಕ್ಕಿಂತ ಬೇಗ ಖಾಲಿಯಾಗೋದು ಎಲ್ಲಾ ಲ್ಯಾಬಿನೋರಿಗೂ ಗೊತ್ತಿರೋ ವಿಷಯ, ಅಬಕಾರಿ ಪರ್ಮಿಟ್ಟು ಬೀಗ ಎಲ್ಲಾ ಅದಕ್ಕೇ ಇರೋದು, ಅಂಥದ್ರಲ್ಲಿ ಎರಡೂವರೆ ಲೀಟ್ರು ವರ್ಷಗಟ್ಟಲೆ ಧೂಳು ಹಿಡ್ಕೊಂಡು ಬಿದ್ದಿತ್ತು ಅಂದ್ರೆ? ಅರ್ಧ ಅನ್ನ ಬಿಟ್ಟು ಎದ್ದೆ. ಬಾಟ್ಲಲ್ಲಿ ತಳದಲ್ಲಿ ಉಳಿದಿದ್ದನ್ನ ಪ್ರನಾಳಕ್ಕೆ ಹಾಕಿ ನೀರಿನ ಬೀಕರಿನಲ್ಲಿಟ್ಟು ಥರ್ಮಾಮೀಟರ್ ಇಳಿಬಿಟ್ಟು ಸಣ್ಣಗೆ ಕಾಯಿಸ್ದೆ. ಎಥನಾಲ್ ಆದ್ರೆ 78ಕ್ಕೆ ಕುದೀಬೇಕು. ಪಾದರಸ ಮೇಲೆ ಬಂತು, 60, 62, 64, ಗುಳ್ಳೆ ಎದ್ದು ಬಿಡ್ತು, 65ಕ್ಕೆ ನಿಂತ್ಕೊಂಡಿದ್ದು ಅಲ್ಲಾಡ್ಲೇ ಇಲ್ಲ, ಅದು ಮೆಥನಾಲ್ ಕುದಿಯೋ ಲೆಕ್ಕ. ಕೈ ನಡುಗ್ತಿತ್ತು. ಆದ್ರೂ ಒಂದು ಆಸೆ, ಇನ್ನೊಂದು ಪ್ರನಾಳದಲ್ಲಿ ಅಯೋಡಿನ್ನು ಕಾಸ್ಟಿಕ್ ಸೋಡಾ ಹಾಕಿ ನೋಡ್ದೆ, ಎಥನಾಲ್ ಆಗಿದ್ರೆ ಹಳದಿ ಗಸಿ ಬಂದು ಆಸ್ಪತ್ರೆ ವಾಸನೆ ಹೊಡೀಬೇಕು. ಏನೂ ಇಲ್ಲ. ತಿಳಿ ನೀರು.

ಮೆಟ್ಲು ಹೆಂಗಿಳಿದ್ನೋ ಗೊತ್ತಿಲ್ಲ. ಬಡಗಿ ತಿಕ್ತಾ ಇದ್ದ, ಕಿಟಕಿ ಎಲ್ಲಾ ತೆಗೆಸಿ ಅವನನ್ನ ಹೊರಗೆ ಕಳಿಸ್ದೆ, ಯಾಕಂದ್ರೆ ಅದು ಉಸಿರಲ್ಲೂ ಒಳಗೆ ಹೋಗತ್ತೆ ಚರ್ಮದಲ್ಲೂ ಹೋಗತ್ತೆ. ಆಮೇಲೆ ಕಣ್ಣಿಗೆ ಬಿತ್ತು ಕಿಟಕಿ ಕಟ್ಟೆ ಮೇಲೆ ಒಂದು ಸ್ಟೀಲ್ ಲೋಟ, ಅದ್ರ ಮೇಲೆ ಪೇಪರ್ ಮುಚ್ಚಿ ಪೇಪರ್ ಹಾರದಂಗೆ ಒಂದು ಉಳಿ ಇಟ್ಟಿತ್ತು. ಆ ಹುಡುಗ ಸಾಯಂಕಾಲಕ್ಕೆ ಅಂತ ಎತ್ತಿಟ್ಕೊಂಡಿದ್ದ. ಕೇಳಿದ್ರೆ, 'ಅಟೆಂಡರಣ್ಣ ಒಳ್ಳೇ ಮಾಲು ಅಂದ್ರು ಸಾರ್, ನೀವೇ ಹೇಳಿದ್ರಂತಲ್ಲ' ಅಂದ. ಬೈಯಕ್ಕೂ ಬಾಯಿ ಬರ್ಲಿಲ್ಲ ನಂಗೆ. ಅವತ್ತಿಂದ ನಾನು ರಿಟೈರ್ ಆಗೋವರ್ಗೂ ಆ ಲ್ಯಾಬಲ್ಲಿ ಬರೀ ಆಲ್ಕೋಹಾಲ್ ಅಂತ ಬರೆದ ಬಾಟ್ಲು ಇರ್ಲಿಲ್ಲ.

ಆ ಲೋಟದಲ್ಲಿದ್ದದ್ದು ಹೊಟ್ಟೆಗೆ ಹೋಗಿದ್ರೆ ಏನಾಗ್ತಿತ್ತು ಅಂತ ಕೇಳಿ. ತಕ್ಷಣ ಏನೂ ಆಗ್ತಿರ್ಲಿಲ್ಲ, ಅದೇ ಅಪಾಯ. ನಮ್ಮ ಲಿವರಲ್ಲಿ ಒಂದು ಕಿಣ್ವ ಇದೆ, ಎಥನಾಲ್ ಬಂದ್ರೆ ಅದನ್ನ ಮುರಿಯೋ ಕೆಲಸ ಶುರು ಮಾಡತ್ತೆ, ಹಂತ ಹಂತವಾಗಿ ಅದು ಅಸಿಟಿಕ್ ಆಸಿಡ್ ಆಗತ್ತೆ, ಅಂದ್ರೆ ವಿನಿಗರಲ್ಲಿರೋದು, ಅದನ್ನ ದೇಹ ಉರುವಲು ಮಾಡ್ಕೊಳತ್ತೆ. ಅದೇ ಕಿಣ್ವ ಒಂದೇ ಒಂದು ಕಾರ್ಬನ್ ಕಮ್ಮಿ ಇರೋ ಮೆಥನಾಲ್ ಬಂದ್ರೆ ಫಾರ್ಮಾಲ್ಡಿಹೈಡ್ ಮಾಡತ್ತೆ, ಹೆಣ ಕೆಡದಂಗೆ ಇಡೋಕೆ ಬಳಸ್ತಾರಲ್ಲ ಅದು, ಅಲ್ಲಿಂದ ಫಾರ್ಮಿಕ್ ಆಸಿಡ್. ಇದನ್ನ ದೇಹ ಬೇಗ ಹೊರಗೆ ಹಾಕಕ್ಕಾಗಲ್ಲ, ರಕ್ತ ಹುಳಿಯಾಗತ್ತೆ, ಕಣ್ಣಿನ ನರ ಸಾಯತ್ತೆ. ಹನ್ನೆರಡು ಗಂಟೆಯೋ ಒಂದು ದಿನವೋ ಬಿಟ್ಟು ಎದುರಿಗಿರೋದೆಲ್ಲ ಮಂಜು ಮುಸುಕಿದಂಗೆ ಕಾಣಕ್ಕೆ ಶುರುವಾಗತ್ತೆ. ಸುಮಾರು 10 ಎಂಎಲ್ ಸಾಕು ಕಣ್ಣು ಹೋಗಕ್ಕೆ, ಅಂದ್ರೆ ಎರಡು ಟೀ ಚಮಚ. ಆಸ್ಪತ್ರೆಗೆ ಬೇಗ ಹೋದ್ರೆ ಡಾಕ್ಟ್ರು ಫೋಮೆಪಿಜೋಲ್ ಅನ್ನೋ ಔಷಧಿ ಕೊಡ್ತಾರೆ, ಅದಿಲ್ಲದ ಕಡೆ ಎಥನಾಲನ್ನೇ ಲೆಕ್ಕ ಹಾಕಿ ಕೊಡ್ತಾರೆ, ಯಾಕಂದ್ರೆ ಆ ಕಿಣ್ವಕ್ಕೆ ಮೆಥನಾಲಿಗಿಂತ ಎಥನಾಲ್ ಮೇಲೇ ಮೋಹ ಜಾಸ್ತಿ, ಅದ್ರ ಹಿಂದೆ ಹೋಗಿ ಇದನ್ನ ಮರೆಯತ್ತೆ, ಅಷ್ಟ್ರಲ್ಲಿ ಮೆಥನಾಲನ್ನ ಡಯಾಲಿಸಿಸ್ ಮಾಡಿ ತೆಗೀಬಹುದು. ಹಿಂದಿನ ಸಾಲಲ್ಲಿ ನಗ್ತಿರೋರೇ, ಇದು ಮನೇಲಿ ಮಾಡೋ ವೈದ್ಯ ಅಲ್ಲ.

1981ರ ಜುಲೈನಲ್ಲಿ ಬೆಂಗಳೂರಲ್ಲಿ ಕಳ್ಳಭಟ್ಟಿ ದುರಂತ ಆಯ್ತು, 300ಕ್ಕೂ ಹೆಚ್ಚು ಜನ ಸತ್ರು, ಇಲ್ಲಿ ನನ್ನ ವಯಸ್ಸಿನೋರಿಗೆ ಆ ಪೇಪರ್ ಫೋಟೋಗಳು ನೆನಪಿರತ್ತೆ, ಬಡವರ ಕಾಲೋನಿಗಳ ಮುಂದೆ ಸಾಲಾಗಿ ಚಟ್ಟ. ಅದ್ರಲ್ಲಿ ಬೆರೆತಿದ್ದು ಇದೇ ಒಂದು ಕಾರ್ಬನ್ನಿಂದು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚ್ಚಿ, 60ಕ್ಕೂ ಹೆಚ್ಚು ಜನ, ಅದೇ ಮೆಥನಾಲ್. 2020ರಲ್ಲಿ ಕೊರೋನಾ ಟೈಮಲ್ಲಿ ಅಮೆರಿಕಾದ ಔಷಧ ಇಲಾಖೆ ಕೆಲವು ಸ್ಯಾನಿಟೈಸರಲ್ಲಿ ಮೆಥನಾಲ್ ಇದೆ ಅಂತ ಎಚ್ಚರಿಕೆ ಕೊಡ್ಬೇಕಾಯ್ತು. ಕುಡಿಯೋನಿಗೂ ಗೊತ್ತಾಗಲ್ಲ ಮಾರೋನಿಗೂ ಎಷ್ಟೋ ಸಲ ಗೊತ್ತಿರಲ್ಲ, ಬಣ್ಣ ಒಂದೇ, ವಾಸನೆ ಹೆಚ್ಚುಕಮ್ಮಿ ಒಂದೇ, ಕ್ಯಾನ್ ಮೇಲೆ ಸ್ಪಿರಿಟ್ ಅಂತ ಒಂದೇ ಹೆಸರು.

ಆ ಫಾರ್ಮಿಕ್ ಆಸಿಡ್ ಅಂದ್ನಲ್ಲ ಅದಕ್ಕೆ ಆ ಹೆಸರು ಇರುವೆಯಿಂದ ಬಂದಿದ್ದು, ಲ್ಯಾಟಿನ್ನಲ್ಲಿ ಫಾರ್ಮಿಕಾ ಅಂದ್ರೆ ಇರುವೆ, 17ನೇ ಶತಮಾನದಲ್ಲೇ ಇಂಗ್ಲೆಂಡಲ್ಲಿ ಇರುವೆಗಳನ್ನ ಭಟ್ಟಿ ಇಳಿಸಿ ತೆಗ್ದಿದ್ರು, ಪಾಪ ಎಷ್ಟು ಇರುವೆಯೋ. ಮಲೆನಾಡಿನೋರಿಗೆ ಇದಕ್ಕೆ ಲ್ಯಾಬ್ ಬೇಡ, ಚಗಳಿ ಅನ್ನೋ ಕೆಂಪಿರುವೆ ಚಟ್ನಿ ತಿಂದೋರ ನಾಲಿಗೆಗೆ ಆ ಹುಳಿ ಗೊತ್ತು. ಸುಳ್ಯ ಪುತ್ತೂರು ಕಡೆ ರಬ್ಬರ್ ತೋಟ ಇರೋರ ಮನೇಲಿ ಇದೇ ಆಸಿಡ್ ಇರತ್ತೆ, ಬೆಳಗ್ಗೆ ತಂದ ರಬ್ಬರ್ ಹಾಲನ್ನ ತಟ್ಟೇಲಿ ಹಾಕಿ ನೀರು ಬೆರೆಸಿದ ಆಸಿಡ್ ಒಂಚೂರು ಬಿಟ್ರೆ ಮೊಸರು ಹೆಪ್ಪುಗಟ್ಟಿದಂಗೆ ಗಟ್ಟಿಯಾಗತ್ತೆ, ಆಮೇಲೆ ರೋಲರಿಗೆ ಕೊಟ್ಟು ಶೀಟ್ ಮಾಡಿ ಹೊಗೆಗೂಡಿಗೆ ಹಾಕ್ತಾರೆ. ಒಂದೇ ಕಾರ್ಬನ್ ಇರೋ ಈ ಆಸಿಡ್ಡು ಒಂದು ಕಡೆ ಚಟ್ನಿ, ಒಂದು ಕಡೆ ರಬ್ಬರು, ಒಂದು ಕಡೆ ಕುರುಡು.

ಸ್ಪಿರಿಟ್ ಅನ್ನೋ ಪದಾನೂ ಕಮ್ಮಿ ಇಲ್ಲ. ಮೂಲದಲ್ಲಿ ಅದಕ್ಕೆ ಉಸಿರು ಅಂತ ಅರ್ಥ. ಕಾಯಿಸಿದಾಗ ಎದ್ದು ಹೋಗೋ ಉಸಿರನ್ನ ಹಿಡಿದು ತಣ್ಣಗೆ ಮಾಡಿದ್ರೆ ಸಿಕ್ಕಿದ್ದು ಸ್ಪಿರಿಟ್ಟು. ಗಾರೆ ಕೆಲಸದೋರ ರಸಮಟ್ಟಕ್ಕೂ ಇಂಗ್ಲಿಷಲ್ಲಿ ಸ್ಪಿರಿಟ್ ಲೆವೆಲ್ ಅಂತಾರೆ, ಆ ಗುಳ್ಳೆ ಓಡಾಡೋ ಗಾಜಿನ ನಳಿಗೇಲಿ ಆಲ್ಕೋಹಾಲ್ ತುಂಬ್ತಿದ್ರು ಅಂತ, ಚಳಿಗೆ ಹೆಪ್ಪುಗಟ್ಟಲ್ಲ, ಗುಳ್ಳೆ ಸರಾಗವಾಗಿ ಜಾರತ್ತೆ. ನರ್ಸಮ್ಮನ ಹತ್ತೀಲಿರೋ ಸ್ಪಿರಿಟ್ಟು ಎಷ್ಟೋ ಕಡೆ ಈಗ ಎಥನಾಲೇ ಅಲ್ಲ, ಮೂರು ಕಾರ್ಬನ್ನಿನ ಐಸೋಪ್ರೊಪೈಲು, ಎಸ್‌ಪಿ ರೋಡಲ್ಲಿ ಮೊಬೈಲ್ ರಿಪೇರಿಯೋರು ಇದನ್ನೇ ಐಪಿಎ ಅಂತ ಬೋರ್ಡ್ ತೊಳೆಯಕ್ಕೆ ಬಳಸ್ತಾರೆ. ಇನ್ನು ಡಿನೇಚರ್ಡ್ ಸ್ಪಿರಿಟ್ಟು ಅಂದ್ರೆ ಒಳ್ಳೇ ಎಥನಾಲಿಗೇ ವಿಷಾನೋ, ಬಾಯಿಗಿಟ್ರೆ ವಾಂತಿ ಬರೋ ಅಂಥ ಕಹೀನೋ ಬೇಕಂತ ಬೆರೆಸಿ ಕುಲಗೆಡಿಸಿರೋದು, ಕುಡಿಯೋ ತೆರಿಗೆ ತಪ್ಪಿಸಿ ಕೈಗಾರಿಕೆಗೆ ಕೊಡೋಕೆ. ಕುಲಗೆಟ್ಟ ಸ್ಪಿರಿಟ್ಟು ಅಂತ ಕನ್ನಡದಲ್ಲಿ ಲೇಬಲ್ ಹಾಕಿದ್ರೆ ಚೆನ್ನಾಗಿರ್ತಿತ್ತು, ಯಾರೂ ಹಾಕಲ್ಲ.

ಪೆಟ್ರೋಲ್ ವಿಷಯ ಬರ್ತೀನಿ ಅಂದಿದ್ದೆ. ಕಬ್ಬಿನ ಫ್ಯಾಕ್ಟರಿ ಇರೋ ಊರಿನೋರು ನಾವು, ಕಾಕಂಬಿ ವಾಸನೆ ಗೊತ್ತಿಲ್ಲದೋರು ಯಾರೂ ಇಲ್ಲಿಲ್ಲ. ಸಕ್ಕರೆ ತೆಗೆದ ಮೇಲೆ ಉಳಿಯೋ ಆ ಕಪ್ಪು ಪಾಕಕ್ಕೆ ನೀರು ಸೇರಿಸಿ ಯೀಸ್ಟ್ ಬಿಟ್ರೆ ಒಂದು ಟನ್ ಕಾಕಂಬಿಗೆ ಹತ್ತತ್ರ 220 ಲೀಟ್ರು ಎಥನಾಲ್ ಬರತ್ತೆ. ಎಷ್ಟು ಸಲ ಭಟ್ಟಿ ಇಳಿಸಿದ್ರೂ 95, 96 ಪರ್ಸೆಂಟಿಗೆ ನಿಂತ್ಬಿಡತ್ತೆ, ಕೊನೇ ನಾಲ್ಕು ಪರ್ಸೆಂಟು ನೀರು ಬಿಟ್ಟು ಬರಲ್ಲ ಅನ್ನತ್ತೆ, ಅತ್ತೆಮನೆ ಸೆಂಟಿಮೆಂಟು. ಅದನ್ನ ಬೇರೆ ಉಪಾಯದಿಂದ ಒಣಗಿಸಿ ಪೆಟ್ರೋಲಿಗೆ ಸೇರಿಸ್ತಾರೆ, ದೇಶದ ಟಾರ್ಗೆಟ್ ಮೊದ್ಲು 2030ಕ್ಕೆ 20 ಪರ್ಸೆಂಟ್ ಅಂತಿತ್ತು, ಅದನ್ನ ಹಿಂದಕ್ಕೆಳೆದು 2025ಕ್ಕೇ ಮುಟ್ಟಿದ್ರು. ಲೀಟ್ರಿಗೆ ಲೀಟ್ರು ನೋಡಿದ್ರೆ ಎಥನಾಲಿನ ಶಕ್ತಿ ಪೆಟ್ರೋಲಿನ ಮೂರನೇ ಎರಡು ಪಾಲಷ್ಟೇ, ಮೈಲೇಜ್ ಸ್ವಲ್ಪ ಬಿತ್ತು ಅಂತ ನೀವು ಗೊಣಗೋದ್ರಲ್ಲಿ ನ್ಯಾಯ ಇದೆ. ನೋಡಿ ಇದು, ಅಳತೆ ಜಾಡೀಲಿ 50 ಎಂಎಲ್ ಪೆಟ್ರೋಲು, ಇವತ್ತು ಬೆಳಗ್ಗೆ ಬಂಕಲ್ಲಿ ಹಾಕ್ಸಿದ್ದು, 50 ಎಂಎಲ್ ನೀರು ಹಾಕ್ತೀನಿ, ಕುಲುಕ್ತೀನಿ, ಯಾರೂ ಬೀಡಿ ಹಚ್ಬೇಡಿ ಮಾರಾಯ್ರೇ. ಬಿಟ್ಟು ನೋಡಿ. ಕೆಳಗಿನ ನೀರು 50 ಇದ್ದಿದ್ದು 60ರ ಹತ್ರ ಬಂತು. ಇಷ್ಟೊತ್ತು ಪೆಟ್ರೋಲ್ ಜೊತೆ ಇದ್ದ ಎಥನಾಲು ನೀರು ಕಂಡ ತಕ್ಷಣ ಗಂಟು ಮೂಟೆ ಕಟ್ಕೊಂಡು ಕೆಳಗಿಳಿದು ಬಂತು. ಮಳೇಲಿ ಟ್ಯಾಂಕಿಗೆ ನೀರು ಹೋದ್ರೆ ಗಾಡಿ ನಿಲ್ಲೋದೂ ಹೀಗೇನೇ.

ಈ ಪದದ ಅರ್ಥಕ್ಕೆ ನಮ್ಮ ಸುಪ್ರೀಂ ಕೋರ್ಟಲ್ಲಿ ಒಂಬತ್ತು ಜನ ಜಡ್ಜು ಕೂರಬೇಕಾಯ್ತು ಗೊತ್ತಾ. ಸಂವಿಧಾನದಲ್ಲಿ ಅಮಲು ಬರಿಸೋ ಮದ್ಯದ ಮೇಲಿನ ಅಧಿಕಾರ ರಾಜ್ಯಗಳಿಗೆ ಅಂತಿದೆ. ಕೈಗಾರಿಕೆಗೆ ಹೋಗೋ ಆಲ್ಕೋಹಾಲ್ ಅಮಲು ಬರಿಸೋ ಮದ್ಯವೋ ಅಲ್ವೋ? ಅಣು ಅದೇ, ಎರಡು ಕಾರ್ಬನ್ನು ಒಂದು ಓಎಚ್ಚು. 1989ರಲ್ಲಿ ಏಳು ಜಡ್ಜು 'ಅಲ್ಲ' ಅಂದಿದ್ರು. 2024ರ ಅಕ್ಟೋಬರ್ 23ಕ್ಕೆ ಒಂಬತ್ತರಲ್ಲಿ ಎಂಟು ಜನ ಹೌದು, ಅದೂ ರಾಜ್ಯಗಳ ಕೈಗೇ ಬರತ್ತೆ ಅಂದ್ರು. ಒಪ್ಪದೇ ಬೇರೆ ತೀರ್ಪು ಬರೆದೋರು ಒಬ್ರೇ, ನಮ್ಮ ಕರ್ನಾಟಕದ ಜಸ್ಟಿಸ್ ಬಿ.ವಿ. ನಾಗರತ್ನ ಅವ್ರು, ಯಾರೋ ಅದನ್ನ ಕದ್ದು ಕುಡೀಬಹುದು ಅನ್ನೋ ಒಂದೇ ಕಾರಣಕ್ಕೆ ಕೈಗಾರಿಕೆ ಆಲ್ಕೋಹಾಲ್ ಮದ್ಯ ಆಗಲ್ಲ ಅನ್ನೋದು ಅವರ ನಿಲುವು. ನಂಗೆ ಕಾನೂನು ಗೊತ್ತಿಲ್ಲ, ಆದ್ರೆ ಆ ಸ್ಟೀಲ್ ಲೋಟ ನೋಡಿದೋನು ನಾನು, ಎರಡೂ ಕಡೆ ತಲೆ ಆಡಿಸ್ಬೇಕು ಅನ್ಸತ್ತೆ.

ಇನ್ನೂ ಘೋರವಾದ್ದು ಒಂದಿದೆ. 1937, ಅಮೆರಿಕಾ. ಗಂಟಲು ನೋವಿನ ಸಲ್ಫಾ ಔಷಧೀನ ಮಕ್ಕಳು ನುಂಗಲ್ಲ ಅಂತ ಸಿರಪ್ ಮಾಡಿದ್ರು, ಅದು ನೀರಲ್ಲಿ ಸರಿಯಾಗಿ ಕರಗಲ್ಲ, ಡೈಎಥಿಲೀನ್ ಗ್ಲೈಕಾಲ್ ಅನ್ನೋ ಸಿಹಿ ದ್ರವದಲ್ಲಿ ಕರಗಿಸಿ ರಾಸ್ಪ್‌ಬೆರಿ ರುಚಿ ಸೇರಿಸಿ ಎಲಿಕ್ಸಿರ್ ಅಂತ ಹೆಸರಿಟ್ಟು ಮಾರಿದ್ರು, ಪ್ರಾಣಿ ಮೇಲೂ ಪರೀಕ್ಷೆ ಮಾಡ್ಲಿಲ್ಲ. 100ಕ್ಕೂ ಹೆಚ್ಚು ಜನ ಕಿಡ್ನಿ ಕೆಟ್ಟು ಸತ್ರು, ಅದ್ರಲ್ಲಿ ಮಕ್ಕಳೇ ಎಷ್ಟೋ. ಆಗಿನ ಕಾನೂನಲ್ಲಿ ವಿಷ ಮಾರಿದ್ದು ತಪ್ಪು ಅಂತ ಹಿಡಿಯೋಕೆ ದಾರಿನೇ ಇರ್ಲಿಲ್ಲ! ಕೊನೆಗೆ ಸರ್ಕಾರ ಹಿಡಿದಿದ್ದು ಲೇಬಲ್ಲನ್ನ. ಎಲಿಕ್ಸಿರ್ ಅಂದ್ರೆ ಆಲ್ಕೋಹಾಲ್ ಇರಬೇಕು, ಇದ್ರಲ್ಲಿ ಇಲ್ಲ, ಹಂಗಾಗಿ ಸುಳ್ಳು ಹೆಸರು, ಜಪ್ತಿ ಮಾಡಿ ಅಂತ. ಲ್ಯಾಬಿನ ಭಾಷೇಲಿ ಹೇಳೋದಾದ್ರೆ ಡೈಎಥಿಲೀನ್ ಗ್ಲೈಕಾಲಲ್ಲಿ ಒಂದಲ್ಲ ಎರಡು ಓಎಚ್ ಇದೆ, ಅದೂ ಆಲ್ಕೋಹಾಲ್ ಮನೆತನವೇ. ಯಾವುದಾದ್ರೂ ಕಿಲಾಡಿ ವಕೀಲ ಅದನ್ನ ಎತ್ತಿದ್ರೆ ಏನಾಗ್ತಿತ್ತೋ. ಮುಂದಿನ ವರ್ಷವೇ ಔಷಧೀನ ಮೊದ್ಲು ಪರೀಕ್ಷೆ ಮಾಡ್ಬೇಕು ಅನ್ನೋ ಕಾನೂನು ಬಂತು. ಆದ್ರೂ 2022ರಲ್ಲಿ ಗ್ಯಾಂಬಿಯಾದಲ್ಲಿ, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಮಕ್ಕಳ ಕೆಮ್ಮಿನ ಸಿರಪ್ಪಲ್ಲಿ ಸಿಕ್ಕಿದ್ದು ಇದೇ ವಿಷ. ಗ್ಲಿಸರಿನ್ ಥರಾನೇ ಸಿಹಿ, ಗ್ಲಿಸರಿನ್ ಥರಾನೇ ಮಂದ, ಮಗಾ ನಿನ್ನ ಅಂಗೈ ಇನ್ನೂ ಅಂಟಂಟಾಗಿದೆಯಲ್ಲ ಹಂಗೇ. ಹೆದರ್ಬೇಡ, ನಿಂಗೆ ಕೊಟ್ಟಿದ್ದು ಗ್ಲಿಸರಿನ್ನೇ, ನಾನು ಟೆಸ್ಟ್ ಮಾಡಿ ತಂದಿದೀನಿ. ಕೊರೋನಾ ಟೈಮಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸ್ಯಾನಿಟೈಸರ್ ಫಾರ್ಮುಲಾದಲ್ಲೂ ಅದೇ ಇತ್ತು, ಎಥನಾಲ್ 80 ಪರ್ಸೆಂಟು, ಕೈ ಒಡೀದಿರಲಿ ಅಂತ ಗ್ಲಿಸರಿನ್ ಒಂದೂವರೆ ಪರ್ಸೆಂಟಿಗೆ ಸ್ವಲ್ಪ ಕಮ್ಮಿ. ಆಲ್ಕೋಹಾಲ್ ಒಣಗಿಸಿದ್ದನ್ನ ಇನ್ನೊಂದು ಆಲ್ಕೋಹಾಲ್ ಒದ್ದೆ ಮಾಡೋದು.

ಇಷ್ಟೇ ನನ್ನ ಮಾತು, ಯಾರಾದ್ರೂ ಏನಾದ್ರೂ ಕೇಳೋದಿದ್ರೆ ಕೇಳಿ ಅಂದೆ.

ಒಬ್ಬ ಹುಡುಗ ಶುಗರ್ ಫ್ರೀ ಚೂಯಿಂಗ್ ಗಮ್ಮಲ್ಲಿ ಶುಗರ್ ಆಲ್ಕೋಹಾಲ್ ಅಂತ ಇರತ್ತಲ್ಲ ಸಾರ್, ಅದನ್ನ ತಿಂದು ಗಾಡಿ ಓಡಿಸಿದ್ರೆ ಪೊಲೀಸ್ನೋರು ಊದ್ಸಿದ್ರೆ ಸಿಕ್ಕಿಹಾಕ್ಕೊಳ್ತೀನಾ ಅಂದ. ಇಲ್ಲ, ಸಾರ್ಬಿಟಾಲ್ ಕ್ಸೈಲಿಟಾಲ್ ಅಂದ್ರೆ ಐದಾರು ಕಾರ್ಬನ್ನು, ಪ್ರತಿಯೊಂದಕ್ಕೂ ಒಂದೊಂದು ಓಎಚ್ಚು, ಮತ್ತು ಬರಲ್ಲ, ಜಾಸ್ತಿ ತಿಂದ್ರೆ ಹೊಟ್ಟೆ ಕೆಡತ್ತೆ, ಮನೇಲಿ ನಾಯಿ ಇದ್ರೆ ಕ್ಸೈಲಿಟಾಲ್ ಗಮ್ ಅದ್ರ ಬಾಯಿಗೆ ಸಿಗದಂಗೆ ಇಡು, ನಾಯಿಗೆ ಅದು ನಿಜವಾದ ವಿಷ ಅಂದೆ.

ಆಮೇಲೆ ಮುಂದಿನ ಸಾಲಿನ ಅದೇ ಅಮ್ಮ ಎದ್ದು ನಿಂತ್ರು. 'ಸಾರ್ ನಮ್ಮತ್ತೆ ದಿನಾ ರಾತ್ರಿ ದ್ರಾಕ್ಷಾರಿಷ್ಟ ತಗೊಳ್ತಾರೆ, ಬಾಟ್ಲ ಮೇಲೆ ಏನೋ ಸೆಲ್ಫ್ ಜನರೇಟೆಡ್ ಆಲ್ಕೋಹಾಲ್ ಅಂತ ಇದೆ, ಅದು ಯಾವ ಆಲ್ಕೋಹಾಲು?'

ನಾನು ಹೇಳ್ದೆ, ಅಮ್ಮ ಅದು ಎಥನಾಲೇ, ಅರಿಷ್ಟ ಆಸವ ಎಲ್ಲಾ ಮಾಡೋದೇ ಹುದುಗಿಸಿ, ಕಷಾಯಕ್ಕೆ ಬೆಲ್ಲ ಹಾಕಿ ಧಾತಕಿ ಹೂವು ಸೇರಿಸಿ ತಿಂಗಳುಗಟ್ಟಲೆ ಮುಚ್ಚಿಡ್ತಾರೆ, ಹೊರಗಿಂದ ಹಾಕಲ್ಲ, ಒಳಗೇ ಹುಟ್ಟತ್ತೆ, ಅದಕ್ಕೇ ಹಂಗೆ ಬರ್ದಿರ್ತಾರೆ, ಬಿಯರಲ್ಲಿರೋ ಅಷ್ಟು ಅಥವಾ ಅದಕ್ಕಿಂತ ಒಂಚೂರು ಜಾಸ್ತಿನೇ ಇರಬಹುದು, ಆದ್ರೆ ಅವರು ಕುಡಿಯೋದು ಎರಡು ಚಮಚ ತಾನೇ.

'ಎರಡು ಚಮಚ ಅಲ್ಲ ಸಾರ್, ಎರಡು ಮುಚ್ಚಳ, ಅದೂ ತುಂಬಿಸಿ. ಹೋದ ವಾರ ಮಗ ರಮ್ ಚಾಕಲೇಟ್ ತಂದ ಅಂತ ಮೂರು ದಿನ ಅವನ ಹತ್ರ ಮಾತು ಬಿಟ್ಟಿದ್ರು' ಅಂತ ಹೇಳಿ ಕೂತ್ಕೊಂಡ್ರು, ಮತ್ತೆ ಏನೋ ನೆನಪಾಗಿ ಅರ್ಧ ಎದ್ದು, 'ಈ ರೆಕಾರ್ಡಿಂಗು ನಮ್ಮ ಬೀದಿ ಗ್ರೂಪಿಗೆ ಹಾಕ್ಬೇಡಿ ಸಾರ್, ಅವರೂ ಇದಾರೆ ಅದ್ರಲ್ಲಿ' ಅಂದ್ರು.